ಗುಂಡಿಗಿಳಿದು ಓದಿದ ನೆಲ: ದೊಕುಚಾಯೆವ್ ಅವರ ಬದುಕು ಮತ್ತು ಮಣ್ಣಿನ ವಿಜ್ಞಾನ



ಕೃಷಿಗೆ ಬೆಳಕು ಕೊಟ್ಟ ಒಬ್ಬ ವಿಜ್ಞಾನಿಯ ಬದುಕನ್ನೂ ಕೆಲಸವನ್ನೂ ಪರಿಚಯಿಸಬೇಕೆಂಬುದು ಈ ಉಪನ್ಯಾಸದ ಹಿಂದಿರುವ ದತ್ತಿಯ ಆಶಯ. ನನ್ನನ್ನು ಕೇಳಿಕೊಂಡಾಗ ಹೆಚ್ಚು ಯೋಚಿಸದೆ ವಾಸಿಲಿ ವಾಸಿಲ್ಯೆವಿಚ್ ದೊಕುಚಾಯೆವ್ ಅವರ ಹೆಸರು ಹೇಳಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಇವರಿಗೆ ಸಿಗುವುದು ಒಂದೇ ಸಾಲು: 'ಮಣ್ಣು ವಿಜ್ಞಾನದ ಪಿತಾಮಹ, ರಷ್ಯ'. ಪರೀಕ್ಷೆಗೆ ಅಷ್ಟು ಸಾಕು. ನಾನೂ ವಿದ್ಯಾರ್ಥಿಯಾಗಿದ್ದಾಗ ಅಷ್ಟನ್ನೇ ಬಾಯಿಪಾಠ ಮಾಡಿದವನು. ಮಣ್ಣಿನ ಪದರಗಳಿಗೆ ಎ, ಬಿ, ಸಿ ಎಂದು ಗುರುತು ಹಾಕುತ್ತ ಹತ್ತಾರು ಚಿತ್ರ ಬರೆದೆ. ಆ ಅಕ್ಷರಗಳ ಹಿಂದೆ ಒಬ್ಬ ಮನುಷ್ಯ ಸಾವಿರಾರು ಮೈಲಿ ಅಲೆದದ್ದಿದೆ, ಒಂದು ದೇಶದ ಬರಗಾಲವಿದೆ ಎಂದು ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಇಂದು ಮೂರು ವಿಚಾರಗಳನ್ನು ನಿಮ್ಮ ಮುಂದಿಡುತ್ತೇನೆ. ಮಣ್ಣು ಎಂದರೇನು ಎಂಬ ಪ್ರಶ್ನೆಗೆ ದೊಕುಚಾಯೆವ್ ಕೊಟ್ಟ ಉತ್ತರ ಮೊದಲನೆಯದು. ಆ ಉತ್ತರ ಭೂಕಂದಾಯದ ಲೆಕ್ಕದಲ್ಲಿ, ಬರದ ನೆಲದಲ್ಲಿ ಹೇಗೆ ಕೆಲಸಕ್ಕೆ ಬಂತು ಎಂಬುದು ಎರಡನೆಯದು. ಅವರ ಶಿಷ್ಯರ ಮೂಲಕ ಅದು ಹೊರಗಿನ ಜಗತ್ತಿಗೂ ನಮ್ಮ ದೇಶಕ್ಕೂ ಬಂದ ಬಗೆ ಮೂರನೆಯದು. ಬದುಕಿನ ವಿವರಗಳನ್ನು ಇವುಗಳ ನಡುವೆಯೇ ಹೇಳುತ್ತ ಹೋಗುತ್ತೇನೆ.

ದೊಕುಚಾಯೆವ್ ಹುಟ್ಟಿದ್ದು 1846ರ ಮಾರ್ಚ್ 1ರಂದು, ಸ್ಮೊಲೆನ್‌ಸ್ಕ್ ಪ್ರಾಂತ್ಯದ ಮಿಲ್ಯುಕೊವೊ ಎಂಬ ಹಳ್ಳಿಯಲ್ಲಿ. ತಂದೆ ಆ ಹಳ್ಳಿಯ ಚರ್ಚಿನ ಪಾದ್ರಿ. ಮಗನೂ ಪಾದ್ರಿಯಾಗಲೆಂದು ಸ್ಮೊಲೆನ್‌ಸ್ಕ್‌ನ ಧರ್ಮಶಾಲೆಗೆ ಹಾಕಿದರು. ಅಲ್ಲಿಂದ ಸೇಂಟ್ ಪೀಟರ್ಸ್‌ಬರ್ಗ್‌ನ ಧರ್ಮಶಾಸ್ತ್ರ ಅಕಾಡೆಮಿಗೆ ಹೋದ ಹುಡುಗ ಹೆಚ್ಚು ದಿನ ಅಲ್ಲಿ ನಿಲ್ಲಲಿಲ್ಲ. ಅದನ್ನು ಬಿಟ್ಟು ಅದೇ ನಗರದ ವಿಶ್ವವಿದ್ಯಾಲಯದಲ್ಲಿ ಪ್ರಕೃತಿ ವಿಜ್ಞಾನಕ್ಕೆ ಸೇರಿದ. 1871ರಲ್ಲಿ ಪದವಿ ಮುಗಿಸಿದಾಗ ಬರೆದ ಪ್ರಬಂಧ ತನ್ನ ಊರಿನ ಕಡೆಯ ಸಣ್ಣದೊಂದು ಹೊಳೆಯ ಮೆಕ್ಕಲು ಪದರಗಳ ಕುರಿತದ್ದು. ಮುಂದೆ ವಿಶ್ವವಿದ್ಯಾಲಯದ ಭೂವಿಜ್ಞಾನ ಸಂಗ್ರಹದ ಪಾಲಕನ ಹುದ್ದೆ ಸಿಕ್ಕಿತು. 1878ರ ಮಾಸ್ಟರ್ ಪದವಿಯ ಪ್ರಬಂಧ ಯುರೋಪಿಯನ್ ರಷ್ಯದ ನದೀಕಣಿವೆಗಳು ಹೇಗೆ ರೂಪುಗೊಂಡವು ಎಂಬುದರ ಮೇಲೆ.

ಹೊಳೆ, ಕಣಿವೆ, ಕೊರಕಲು: ಇವರ ಮೊದಲ ಪಾಠಗಳೆಲ್ಲ ಇವೇ. ನೀರು ಕೊರೆದ ದಂಡೆಯ ಬಳಿ ನಿಂತವನಿಗೆ ನೆಲದ ಅಡ್ಡಸೀಳು ಎದುರಿಗೇ ಕಾಣುತ್ತದೆ. ಮೇಲಿನ ಕಪ್ಪು, ಅದರ ಕೆಳಗಿನ ಕಂದು, ಇನ್ನೂ ಕೆಳಗಿನ ಬಿಳಿಚು ಒಂದೇ ನೋಟಕ್ಕೆ ಸಿಗುತ್ತವೆ. ದೊಕುಚಾಯೆವ್ ಮಣ್ಣನ್ನು ಕಂಡದ್ದು ಹೀಗೆ, ಮೇಲಿನಿಂದಲ್ಲ, ಪಕ್ಕದಿಂದ. ಅವರ ಇಡೀ ವಿಜ್ಞಾನಕ್ಕೆ ಈ ನೋಟವೇ ಬುನಾದಿ ಎಂದು ನಾನು ನಂಬಿದ್ದೇನೆ.

ಇನ್ನು ಮೊದಲ ವಿಚಾರಕ್ಕೆ ಬರುತ್ತೇನೆ. 19ನೇ ಶತಮಾನದ ನಡುಭಾಗದಲ್ಲಿ ಮಣ್ಣಿನ ಬಗ್ಗೆ ವಿದ್ವಾಂಸರಲ್ಲಿ ಮುಖ್ಯವಾಗಿ ಎರಡು ನಿಲುವುಗಳಿದ್ದವು. ಭೂವಿಜ್ಞಾನಿಗೆ ಮಣ್ಣೆಂದರೆ ಕಲ್ಲು ಶಿಥಿಲವಾಗಿ ಉದುರಿದ ಪುಡಿ, ತನ್ನ ಕೆಲಸಕ್ಕೆ ಅಡ್ಡವಾಗುವ ಹೊದಿಕೆ. ರಸಾಯನವಿಜ್ಞಾನಿಗೆ ಅದು ಗಿಡದ ಆಹಾರದ ಉಗ್ರಾಣ. ಜರ್ಮನಿಯ ಲೀಬಿಗ್ 1840ರಲ್ಲಿ ಗಿಡ ಮಣ್ಣಿನಿಂದ ಖನಿಜಗಳನ್ನು ತೆಗೆದುಕೊಳ್ಳುತ್ತದೆ, ತೆಗೆದಷ್ಟನ್ನು ಹಿಂತಿರುಗಿಸಬೇಕು ಎಂದು ವಾದಿಸಿದ್ದರು. ಅದು ಬಹು ದೊಡ್ಡ ಮಾತು, ಇಂದಿಗೂ ನಿಂತಿರುವ ಮಾತು. ಆದರೆ ಈ ಊರಿನ ಮಣ್ಣು ಹೀಗೆ, ಆ ಊರಿನದು ಹಾಗೆ ಏಕಾಯಿತು ಎಂದು ಕೇಳಿದರೆ ಅದರಲ್ಲಿ ಉತ್ತರ ಸಿಗುತ್ತಿರಲಿಲ್ಲ.

ರಷ್ಯದಲ್ಲಿ ಆ ಪ್ರಶ್ನೆ ಬಹಳ ದೊಡ್ಡದಾಗಿ ಎದುರು ನಿಂತಿತ್ತು. ಅಲ್ಲಿಯ ಹುಲ್ಲುಗಾವಲು ಬಯಲಿನ ಕಪ್ಪು ನೆಲಕ್ಕೆ ರೈತರು ಚೆರ್ನೋಜೆಮ್ ಎನ್ನುತ್ತಿದ್ದರು. ಹಾಗೆಂದರೆ ಕಪ್ಪು ಭೂಮಿ. ಸಾಮ್ರಾಜ್ಯದ ಗೋಧಿ ಬರುತ್ತಿದ್ದುದು ಅಲ್ಲಿಂದ. 1873ರಲ್ಲೂ 1875ರಲ್ಲೂ ಆ ಸೀಮೆಗೆ ಬರ ಬಂತು. 1765ರಲ್ಲಿ ಸ್ಥಾಪನೆಯಾಗಿದ್ದ ಫ್ರೀ ಎಕನಾಮಿಕ್ ಸೊಸೈಟಿ ಕಪ್ಪು ಭೂಮಿಯ ಅಧ್ಯಯನಕ್ಕೆ ಒಂದು ಸಮಿತಿ ಮಾಡಿ ಕ್ಷೇತ್ರಕಾರ್ಯವನ್ನು ಮೂವತ್ತೊಂದು ವರ್ಷದ ದೊಕುಚಾಯೆವ್ ಅವರಿಗೆ ಒಪ್ಪಿಸಿತು. ಆ ಮಣ್ಣು ಎಲ್ಲಿಂದ ಬಂತೆಂಬ ಬಗ್ಗೆ ಅಲ್ಲಿಯವರೆಗೆ ಬಗೆಬಗೆಯ ಊಹೆಗಳಿದ್ದವು. ಹಿಂದೆ ಸರಿದ ಕಡಲಿನ ಕೆಸರು ಎಂದವರಿದ್ದರು. ಜೌಗಿನ ತಳ ಒಣಗಿ ಆದದ್ದು ಎಂದವರಿದ್ದರು. ಬ್ರಿಟಿಷ್ ಭೂವಿಜ್ಞಾನಿ ಮರ್ಚಿಸನ್ ಅದನ್ನು ಜುರಾಸಿಕ್ ಕಾಲದ ಕಪ್ಪು ಶಿಲೆಗಳ ಜೊತೆ ಜೋಡಿಸಿದ್ದರು. ಸಸ್ಯವಿಜ್ಞಾನಿ ರುಪ್ರೆಕ್ಟ್ 1866ರಲ್ಲಿ ಇದು ನೆಲದ ಮೇಲಿನ ಹುಲ್ಲಿನಿಂದಲೇ ಆದದ್ದು ಎಂದು ಬರೆದಿದ್ದರು. ಸರಿದಾರಿಗೆ ಹತ್ತಿರ ಬಂದಿದ್ದವರು ರುಪ್ರೆಕ್ಟ್. ದೊಕುಚಾಯೆವ್ ಇದನ್ನು ಮರೆಮಾಚಲಿಲ್ಲ.

1877 ಮತ್ತು 1878ರ ಬೇಸಿಗೆಗಳಲ್ಲಿ ದೊಕುಚಾಯೆವ್ ಸುಮಾರು 10,000 ಕಿಲೋಮೀಟರ್ ಸುತ್ತಿದರು. ಹೋದಲ್ಲೆಲ್ಲ ಒಂದೇ ಕೆಲಸ: ಗುಂಡಿ ತೋಡಿಸುವುದು, ಇಲ್ಲವೇ ಕೊರಕಲಿನ ದಂಡೆಯನ್ನು ಕೆತ್ತಿ ಹಸನು ಮಾಡುವುದು, ಪದರಗಳನ್ನು ಅಳೆಯುವುದು, ಪ್ರತಿ ಪದರದ ಮಾದರಿ ಕಟ್ಟಿಕೊಳ್ಳುವುದು, ಅಲ್ಲಿಯ ಹುಲ್ಲು, ಇಳಿಜಾರು, ಕೆಳಗಿನ ಕಲ್ಲು ಯಾವುದೆಂದು ಬರೆದಿಡುವುದು. ಮಾದರಿಗಳಲ್ಲಿ ಸಾವಯವ ಅಂಶ ಎಷ್ಟೆಂದು ಪ್ರಯೋಗಶಾಲೆಯಲ್ಲಿ ಲೆಕ್ಕ ಮಾಡಿಸಿ, ಸಮನಾದ ಜಾಗಗಳನ್ನು ನಕ್ಷೆಯಲ್ಲಿ ಪಟ್ಟಿಗಳಾಗಿ ಎಳೆದರು. ನೂರಕ್ಕೆ 4ರಿಂದ 7 ಇರುವ ಪಟ್ಟಿ, 7ರಿಂದ 10ರದು, 10ರಿಂದ 13ರದು, ಎಲ್ಲಕ್ಕಿಂತ ಕಪ್ಪಾದ 13ರಿಂದ 16ರದು. ಪಟ್ಟಿಗಳು ಯದ್ವಾತದ್ವಾ ಹರಡಿರಲಿಲ್ಲ. ನಡುವಿನ ಕಪ್ಪಿನಿಂದ ವಾಯವ್ಯಕ್ಕೆ, ತಂಪೂ ತೇವವೂ ಹೆಚ್ಚುವ ಕಾಡಿನ ಕಡೆಗೆ ಹೋದರೆ ಬಣ್ಣ ತೆಳುವಾಗುತ್ತಿತ್ತು. ಆಗ್ನೇಯಕ್ಕೆ, ಬಿಸಿಲೂ ಒಣಗಾಳಿಯೂ ಹೆಚ್ಚುವ ಕಡೆಗೆ ಹೋದರೂ ತೆಳುವಾಗುತ್ತಿತ್ತು. ಕೆಳಗೆ ಸುಣ್ಣದ ಕಲ್ಲಿದ್ದರೂ, ಗ್ರಾನೈಟ್ ಇದ್ದರೂ, ಗಾಳಿ ತಂದ ಧೂಳಿನ ಒಟ್ಟಿಲಿದ್ದರೂ, ತಕ್ಕ ಹವೆ, ತಕ್ಕ ಹುಲ್ಲು ಇದ್ದಲ್ಲಿ ಕಪ್ಪು ಮಣ್ಣು ಹುಟ್ಟಿತ್ತು.

ಕಡಲಿನ ಕೆಸರಿನ ವಾದ ಇಲ್ಲಿಗೆ ಬಿದ್ದುಹೋಯಿತು. ಆಳಕ್ಕೆ ಬೇರು ಬಿಡುವ ಹುಲ್ಲು ಪ್ರತಿ ವರ್ಷ ಸಾಯುತ್ತದೆ. ಬೇಸಿಗೆಯ ಒಣ ಹವೆ, ಚಳಿಗಾಲದ ಹಿಮ ಎರಡೂ ಅದನ್ನು ಪೂರ್ತಿ ಕೊಳೆಯಲು ಬಿಡುವುದಿಲ್ಲ. ಅರ್ಧ ಕೊಳೆತದ್ದು ಸುಣ್ಣದ ಜೊತೆ ಸೇರಿ ಕಾಳುಕಾಳಾಗಿ ಕಟ್ಟಿಕೊಳ್ಳುತ್ತದೆ. ಬಿಲ ತೋಡುವ ಪ್ರಾಣಿಗಳು ಮೇಲಿನದನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಸಾಗಿಸುತ್ತವೆ. ಮುಚ್ಚಿಹೋದ ಹಳೆಯ ಬಿಲಗಳು ಇಂದಿಗೂ ಅಲ್ಲಿಯ ಗುಂಡಿಗಳ ಗೋಡೆಯಲ್ಲಿ ದುಂಡು ಮಚ್ಚೆಗಳಾಗಿ ಕಾಣುತ್ತವೆ. ಸಾವಿರಾರು ವರ್ಷ ಹೀಗೆ ನಡೆದರೆ ಚೆರ್ನೋಜೆಮ್.

1883ರಲ್ಲಿ 'ರಷ್ಯದ ಚೆರ್ನೋಜೆಮ್' ಗ್ರಂಥ ಹೊರಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಡಾಕ್ಟರೇಟ್‌ಗಾಗಿ ಮಂಡಿಸಿದರು. ಪರೀಕ್ಷಕರಾಗಿ ಕುಳಿತವರಲ್ಲಿ ಒಬ್ಬರು ಮೂಲವಸ್ತುಗಳ ಆವರ್ತ ಕೋಷ್ಟಕದ ಮೆಂಡೆಲೀವ್. ಆ ಗ್ರಂಥದಿಂದ ನಿಂತ ಮಾತು ಇದು: ಮಣ್ಣು ಕಲ್ಲಿನ ಪುಡಿಯೂ ಅಲ್ಲ, ಗೊಬ್ಬರದ ಚೀಲವೂ ಅಲ್ಲ. ಗಿಡ, ಪ್ರಾಣಿ, ಖನಿಜಗಳ ಹಾಗೆ ಅದೂ ಪ್ರಕೃತಿಯ ಒಂದು ಸ್ವತಂತ್ರ ಕಾಯ. ಅದಕ್ಕೆ ಹುಟ್ಟಿದೆ, ವಯಸ್ಸಿದೆ. ಮೂಲಶಿಲೆ, ಹವೆ, ಜೀವಿಗಳು, ನೆಲದ ಏರಿಳಿತ, ಕಾಲ, ಈ ಐದೂ ಕೂಡಿ ಅದನ್ನು ರೂಪಿಸುತ್ತವೆ. ಕಾಲದ ಲೆಕ್ಕಕ್ಕೆ ದೊಕುಚಾಯೆವ್ ಹುಡುಕಿದ ಜಾಗ ನನಗೆ ತುಂಬ ಹಿಡಿಸುತ್ತದೆ. ಸ್ತಾರಾಯ ಲಾದೊಗ ಎಂಬಲ್ಲಿ 12ನೇ ಶತಮಾನದ ಆರಂಭದಲ್ಲಿ ಕಟ್ಟಿದ ಕೋಟೆಯ ಪಾಳುಗೋಡೆಗಳ ಮೇಲೆ ಹೊಸದಾಗಿ ಮಣ್ಣು ಕಟ್ಟಿತ್ತು. ಏಳುನೂರಕ್ಕೂ ಹೆಚ್ಚು ವರ್ಷಗಳಲ್ಲಿ ಕಟ್ಟಿದ್ದು ಕೆಲವೇ ಅಂಗುಲ. ಒಂದು ದೊಡ್ಡ ಮಳೆಗೆ ಬದುವಿಲ್ಲದ ಹೊಲದಿಂದ ಕೊಚ್ಚಿಹೋಗುವ ಮಣ್ಣನ್ನು ಕಂಡವರು ಇದನ್ನು ನೆನಪಿಡಬೇಕು.

ಈ ಮಾತುಗಳನ್ನು ಎಲ್ಲರೂ ಒಪ್ಪಿದರೆಂದಲ್ಲ. ಕೃಷಿವಿಜ್ಞಾನಿ ಕೊಸ್ತಿಚೆವ್ ತೀವ್ರವಾಗಿ ಟೀಕಿಸಿದರು. ಹವೆಗಿಂತ ಬೇರು ಮತ್ತು ಸೂಕ್ಷ್ಮಜೀವಿಗಳ ಕೆಲಸವನ್ನು ಹೆಚ್ಚು ನೋಡಬೇಕು ಎಂಬುದು ಅವರ ವಾದ. ಅದರಲ್ಲಿ ನ್ಯಾಯವಿತ್ತು, ಮುಂದಿನ ವಿಜ್ಞಾನ ಇಬ್ಬರಿಂದಲೂ ಕಲಿತಿದೆ. ಅಮೆರಿಕದಲ್ಲಿ ಹಿಲ್ಗಾರ್ಡ್ ಎಂಬವರು ಬಹುತೇಕ ಅದೇ ಕಾಲದಲ್ಲಿ, ತಮ್ಮದೇ ದಾರಿಯಲ್ಲಿ, ಹವೆಗೂ ಮಣ್ಣಿಗೂ ಇರುವ ನಂಟನ್ನು ಕಂಡುಕೊಂಡಿದ್ದರು. ಆದರೆ ಮಣ್ಣಿಗೇ ಒಂದು ಪ್ರತ್ಯೇಕ ಶಾಸ್ತ್ರ ಬೇಕೆಂದು ಹಟ ಹಿಡಿದು ಅದನ್ನು ಕಟ್ಟಿದವರು ದೊಕುಚಾಯೆವ್.

ಮುಂದೆ ಹೋಗುವ ಮೊದಲು ನಮ್ಮ ಎರೆ ಭೂಮಿಯ ಬಗ್ಗೆ ಒಂದು ಮಾತು ಹೇಳಬೇಕು. ಧಾರವಾಡ, ಗದಗ, ವಿಜಯಪುರ, ಕಲಬುರಗಿಯ ಎರೆ ನೆಲವನ್ನು ಚೆರ್ನೋಜೆಮ್ ಎಂದೇ ಬರೆದ ಉತ್ತರ ಪತ್ರಿಕೆಗಳನ್ನು ನಾನು ಎಷ್ಟೋ ಬಾರಿ ತಿದ್ದಿದ್ದೇನೆ. ಎರಡೂ ಕಪ್ಪು ಎಂಬುದೊಂದೇ ಆಧಾರ. ದೊಕುಚಾಯೆವ್ ಹಾಗೆ ನೋಡಲು ಬಿಡುತ್ತಿರಲಿಲ್ಲ. ನಮ್ಮ ಎರೆಯಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ನೂರಕ್ಕೆ ಒಂದೂ ಇರುವುದಿಲ್ಲ. ಬಣ್ಣ ಕಪ್ಪಾದದ್ದು ಜಿಗುಟು ಜೇಡಿಯ ಜೊತೆ ಬಿಗಿಯಾಗಿ ಅಂಟಿಕೊಂಡ ಅಲ್ಪ ಸಾವಯವದಿಂದ, ಖನಿಜಗಳಿಂದ. ಆ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲಕ್ಕೆ ಬಿರಿಯುತ್ತದೆ. ಮೇಲಿನ ಪುಡಿ ಆ ಬಿರುಕಿಗೆ ಬಿದ್ದು, ಮಳೆಗೆ ಮತ್ತೆ ಉಬ್ಬಿ, ನೆಲ ತನ್ನನ್ನು ತಾನೇ ಮಗುಚುತ್ತ ಇರುತ್ತದೆ. ಹಿಡಿದಿಟ್ಟ ಆ ಹಸಿಯ ಮೇಲೆಯೇ ನಮ್ಮ ಹಿಂಗಾರಿ ಬಿಳಿಜೋಳ, ಕಡಲೆ ನಿಂತಿವೆ. ಹಿಮ ಬೀಳುವ ಹುಲ್ಲುಗಾವಲಿನ ಮಣ್ಣಿಗೂ ಇದಕ್ಕೂ ಹುಟ್ಟಿನಲ್ಲೇ ಭೇದ. ಬಣ್ಣ ನೋಡಿ ಹೆಸರಿಡಬೇಡ, ಹುಟ್ಟು ನೋಡಿ ಹೆಸರಿಡು ಎಂಬ ಪಾಠ ಇಲ್ಲಿದೆ.

ಈಗ ಎರಡನೆಯ ವಿಚಾರ. 1882ರಲ್ಲಿ ನಿಜ್ನಿ ನವ್ಗರೊದ್ ಪ್ರಾಂತ್ಯದ ಸ್ಥಳೀಯ ಆಡಳಿತ ದೊಕುಚಾಯೆವ್ ಅವರನ್ನು ಕರೆಯಿತು. ಭೂಮಿಗೆ ತಕ್ಕ ಹಾಗೆ ನ್ಯಾಯವಾದ ಕಂದಾಯ ಹಾಕಬೇಕು, ಯಾವ ನೆಲಕ್ಕೆ ಎಷ್ಟು ಬೆಲೆ ಎಂದು ಹೇಗೆ ತಿಳಿಯುವುದು ಎಂಬುದು ಪ್ರಶ್ನೆ. ಅಲ್ಲಿಯವರೆಗೆ ಬೆಳೆಯ ಲೆಕ್ಕ, ಜನರ ಹೇಳಿಕೆ, ಮಾರಾಟದ ಬೆಲೆ ನೋಡುತ್ತಿದ್ದರು. ಒಳ್ಳೆಯ ಎತ್ತು, ಗೊಬ್ಬರ, ಕೈತುಂಬ ಆಳು ಇದ್ದವನ ಬೆಳೆ ಹೆಚ್ಚು ಬಂದರೆ ಅದು ನೆಲದ ಗುಣವೋ ಮಾಲೀಕನ ಸಿರಿಯೋ? ಮೊದಲು ಮಣ್ಣನ್ನು ಅದರ ಸ್ವಂತ ಗುಣದ ಮೇಲೆ ಅಳೆಯಿರಿ, ಆಮೇಲೆ ಆರ್ಥಿಕ ಲೆಕ್ಕ ಹಾಕಿ ಎಂದರು ದೊಕುಚಾಯೆವ್. ಶಿಷ್ಯರ ತಂಡ ಕಟ್ಟಿಕೊಂಡು ಇಡೀ ಪ್ರಾಂತ್ಯವನ್ನು ಸುತ್ತಿದರು. ವರದಿ 14 ಸಂಪುಟಗಳಾಯಿತು. 1888ರಿಂದ ಪೊಲ್ಟಾವಾ ಪ್ರಾಂತ್ಯದಲ್ಲಿ ನಡೆದ ಅದೇ ಬಗೆಯ ಕೆಲಸ 16 ಸಂಪುಟಗಳಾಯಿತು. ಪೊಲ್ಟಾವಾ ಇಂದು ಉಕ್ರೇನಿನಲ್ಲಿದೆ.

ಇಲ್ಲಿ ನಮ್ಮ ನಾಡಿನ ಒಂದು ಸಂಗತಿ ಹೇಳದಿದ್ದರೆ ಮಾತು ಪೂರ್ತಿಯಾಗದು. ಮುಂಬಯಿ ಪ್ರಾಂತ್ಯದಲ್ಲಿ ವಿಂಗೇಟ್, ಗೋಲ್ಡ್‌ಸ್ಮಿಡ್ ಮೊದಲಾದವರು ರೂಪಿಸಿದ ಭೂಮಾಪನ ಪದ್ಧತಿ ಧಾರವಾಡದ ಸೀಮೆಗೆ 19ನೇ ಶತಮಾನದ ನಡುಭಾಗಕ್ಕೇ ಬಂದಿತ್ತು. ಹೊಲದಲ್ಲಿ ಮಣ್ಣಿನ ಆಳವನ್ನು ಮೊಳದಲ್ಲಿ ಅಳೆದು, ಬಣ್ಣ, ಜಿಗುಟು, ಗರಸು ನೋಡಿ, ಆಣೆಗಳಲ್ಲಿ ತರ ಕಟ್ಟುತ್ತಿದ್ದರು. ಅಂದರೆ ದೊಕುಚಾಯೆವ್ ಅವರಿಗಿಂತ ಎಷ್ಟೋ ವರ್ಷ ಮೊದಲೇ ನಮ್ಮ ಹೊಲಗಳ ಆಳವನ್ನು ಅಳತೆಗಾರರು ನೋಡಿದ್ದರು. ಆದರೂ ಅದರಿಂದ ಒಂದು ಶಾಸ್ತ್ರ ಹುಟ್ಟಲಿಲ್ಲ. ಕಾರಣ ಸರಳ: ಎಷ್ಟು ವಸೂಲಿ ಎಂದು ತಿಳಿದೊಡನೆ ಅಳತೆಗಾರ ಎದ್ದು ಹೋದ. ದೊಕುಚಾಯೆವ್ ಕಂದಾಯದ ಅಂಕಿ ಕೊಟ್ಟ ಮೇಲೂ ಈ ಮಣ್ಣು ಹೀಗೇಕಾಯಿತು ಎಂದು ಕೇಳುತ್ತ ಅಲ್ಲೇ ಉಳಿದರು. ಕೆಲಸ ಮುಗಿಯುವ ಹೊತ್ತಿಗೆ ನಿಜ್ನಿ ನವ್ಗರೊದ್‌ನಲ್ಲಿ ಅವರ ಪ್ರೇರಣೆಯಿಂದ ಒಂದು ಪ್ರಕೃತಿ ವಸ್ತುಸಂಗ್ರಹಾಲಯವೂ ಎದ್ದಿತ್ತು.

ಆಮೇಲೆ 1891 ಬಂತು. ವೋಲ್ಗಾ ಮತ್ತು ಕಪ್ಪು ಭೂಮಿಯ ಪ್ರಾಂತ್ಯಗಳಲ್ಲಿ ಭೀಕರ ಬರ, ಕ್ಷಾಮ, ಹಿಂದೆಯೇ ಕಾಲರಾ. ಲಕ್ಷಾಂತರ ಜನ ಸತ್ತರು. ಲೋಕದ ಅತ್ಯಂತ ಫಲವತ್ತಾದ ನೆಲದ ಮೇಲೆ ಜನ ಹಸಿವಿನಿಂದ ಸತ್ತರೆಂಬುದನ್ನು ದೊಕುಚಾಯೆವ್ ತಾಳಿಕೊಳ್ಳಲಾರದೆ ಹೋದರು. 1892ರಲ್ಲಿ 'ನಮ್ಮ ಹುಲ್ಲುಬಯಲು: ಅಂದು, ಇಂದು' ಎಂಬ ಪುಸ್ತಕ ಬರೆದು ಅದರ ಮಾರಾಟದ ಹಣವನ್ನು ಬರಪೀಡಿತರಿಗೆ ಕೊಟ್ಟರು.

ಆ ಪುಸ್ತಕದ ವಾದ ಇಂದು ನಮಗೆ ಬಹಳ ಹತ್ತಿರದ್ದು. ಮಳೆ ಬರದಿರುವುದು ಬರದ ಒಂದು ಭಾಗ ಮಾತ್ರ. ಹಿಂದೆ ಎದೆಯೆತ್ತರದ ಹುಲ್ಲು ಹಿಮವನ್ನು ಹಿಡಿದಿಡುತ್ತಿತ್ತು, ಅದು ಕರಗಿ ನೆಲಕ್ಕೆ ಇಂಗುತ್ತಿತ್ತು. ಹುಲ್ಲನ್ನು ಉತ್ತರು, ಕಣಿವೆಯ ಕಾಡು ಕಡಿದರು. ಬೋಳು ಹೊಲದ ಹಿಮವನ್ನು ಗಾಳಿ ಹೊಡೆದುಕೊಂಡು ಹೋಯಿತು. ಕಾಳುಕಾಳಾಗಿದ್ದ ಮಣ್ಣು ವರ್ಷ ವರ್ಷದ ಉಳುಮೆಗೆ ಪುಡಿಯಾಗಿ ನೀರು ಇಂಗುವುದು ಕಡಿಮೆಯಾಯಿತು. ಇಂಗದ ನೀರು ಹರಿದು ಕೊರಕಲು ಬೆಳೆಸಿತು, ಕೊರಕಲು ಅಂತರ್ಜಲವನ್ನು ಬಸಿದುಕೊಂಡಿತು. ಅದೇ ಮಳೆ ಬಿದ್ದರೂ ಹಿಂದಿನ ಬೆಳೆ ಬರದ ಸ್ಥಿತಿ ಉಂಟಾಯಿತು. ನೆಲವನ್ನು ನಾವೇ ಬಡವಾಗಿಸಿದ್ದೇವೆ ಎಂದು ಹೇಳಲು, ಅದೂ ಕ್ಷಾಮದ ವರ್ಷದಲ್ಲಿ, ಎದೆಗಾರಿಕೆ ಬೇಕಿತ್ತು.

ಪುಸ್ತಕ ಬರೆದು ಸುಮ್ಮನಾಗಲಿಲ್ಲ. ಅರಣ್ಯ ಇಲಾಖೆಯ ಆಶ್ರಯದಲ್ಲಿ 1892ರಲ್ಲಿ ಒಂದು ವಿಶೇಷ ತಂಡ ಕಟ್ಟಿ ಮೂರು ಪ್ರಯೋಗ ಕ್ಷೇತ್ರಗಳನ್ನು ಆರಿಸಿಕೊಂಡರು: ವೊರೊನೆಜ್ ಪ್ರಾಂತ್ಯದ ಕಾಮೆನ್ನಾಯ ಸ್ಟೆಪ್, ಈಗ ಉಕ್ರೇನಿನಲ್ಲಿರುವ ಸ್ತರೊಬೆಲ್‌ಸ್ಕ್ ಮತ್ತು ವೆಲಿಕೊ-ಅನಾದೊಲ್. ಮೂರೂ ನದಿಗಳ ನಡುವಿನ ದಿಬ್ಬದ ಬಯಲುಗಳು, ಗಾಳಿಗೆ ತೆರೆದವು, ನೀರಿಗೆ ದೂರ. ಗಾಳಿಗೆ ಅಡ್ಡಲಾಗಿ ಮರದ ಸಾಲುಗಳನ್ನು ಬೆಳೆಸುವುದು, ಕೊರಕಲಿನ ಬಾಯಿಗೆ ಒಡ್ಡು ಹಾಕುವುದು, ತಗ್ಗಿನಲ್ಲಿ ಕೆರೆ ಕಟ್ಟಿ ಹಿಮನೀರನ್ನು ನಿಲ್ಲಿಸುವುದು, ಉಳುವ ನೆಲ, ಹುಲ್ಲುಗಾವಲು, ಕಾಡು ಇವುಗಳ ನಡುವೆ ಆ ಆ ಜಾಗಕ್ಕೆ ತಕ್ಕ ಅಳತೆ ಕಂಡುಕೊಳ್ಳುವುದು, ಇದೇ ಕಾರ್ಯಕ್ರಮ. ಇಂದು ಜಲಾನಯನ ಅಭಿವೃದ್ಧಿ ಎಂದು ನಾವು ಹೇಳುವುದರ ಬಹುಪಾಲು ಅದರಲ್ಲಿದೆ. ಸರ್ಕಾರದ ಹಣ ಬೇಗ ನಿಂತಿತು, ತಂಡ ಚದುರಿತು. ಕಾಮೆನ್ನಾಯ ಸ್ಟೆಪ್‌ನಲ್ಲಿ ನೆಟ್ಟ ಮರದ ಸಾಲುಗಳು ಮಾತ್ರ ಬೆಳೆದವು. ನೂರಕ್ಕೂ ಹೆಚ್ಚು ವರ್ಷಗಳ ಮೇಲೂ ಅವು ಅಲ್ಲಿವೆ, ಆ ಕ್ಷೇತ್ರದಲ್ಲಿ ಇಂದಿಗೂ ಸಂಶೋಧನೆ ನಡೆಯುತ್ತಿದೆ.

ಮೂರನೆಯ ವಿಚಾರಕ್ಕೆ ಹೊರಳುವಾಗ ಅವರ ಕೊನೆಯ ವರ್ಷಗಳನ್ನು ನೆನೆಯಬೇಕಾಗುತ್ತದೆ. 1892ರಿಂದ 1895ರವರೆಗೆ ನೋವಾ ಅಲೆಕ್ಸಾಂಡ್ರಿಯಾದ, ಅಂದರೆ ಇಂದಿನ ಪೋಲೆಂಡಿನ ಪುವಾವಿಯ, ಕೃಷಿ ಮತ್ತು ಅರಣ್ಯ ಸಂಸ್ಥೆಯ ನಿರ್ದೇಶಕರಾಗಿದ್ದರು. ಮುಚ್ಚಿಹೋಗುವ ಸ್ಥಿತಿಯಲ್ಲಿದ್ದ ಅದನ್ನು ಉಳಿಸಿ, ಮಣ್ಣು ವಿಜ್ಞಾನಕ್ಕೆಂದೇ ಜಗತ್ತಿನ ಮೊದಲ ಪೀಠವನ್ನು ಅಲ್ಲಿ ತೆರೆದು, ತಮ್ಮ ಶಿಷ್ಯ ಸಿಬಿರ್ತ್ಸೆವ್ ಅವರನ್ನು ಅದರಲ್ಲಿ ಕೂರಿಸಿದರು. ಈ ದುಡಿತ ಮೈಯನ್ನು ತಿಂದಿತ್ತು. 1895ರಿಂದ ನರಗಳ ಕಾಯಿಲೆ, ತಲೆನೋವು. 1897ರಲ್ಲಿ ಪತ್ನಿ ಅನ್ನಾ ತೀರಿಕೊಂಡರು. ಒಮ್ಮೆ ಚೇತರಿಸಿಕೊಂಡು 1898ರಿಂದ 1900ರವರೆಗೆ ಕಾಕಸಸ್ ಬೆಟ್ಟಗಳಲ್ಲಿ ಸುತ್ತಾಡಿ, ಧ್ರುವದಿಂದ ಸಮಭಾಜಕದ ಕಡೆಗೆ ಹವೆ, ಸಸ್ಯ, ಮಣ್ಣು ಪಟ್ಟಿಪಟ್ಟಿಯಾಗಿ ಬದಲಾಗುವ ಹಾಗೆಯೇ ಬೆಟ್ಟದ ಬುಡದಿಂದ ತುದಿಗೂ ಬದಲಾಗುತ್ತವೆ ಎಂದು ತೋರಿಸಿದರು. 1900ರಲ್ಲಿ ಸಿಬಿರ್ತ್ಸೆವ್ ನಲವತ್ತರ ವಯಸ್ಸಿನಲ್ಲೇ ಕ್ಷಯದಿಂದ ಸತ್ತರು. ಗುರು ಮತ್ತೆ ಹಾಸಿಗೆ ಹಿಡಿದು 1903ರ ನವೆಂಬರ್ 8ರಂದು ಕಣ್ಣುಮುಚ್ಚಿದರು. ಬಾಳಿನುದ್ದಕ್ಕೂ ಕೇಳಿದ ಮಣ್ಣು ಸಂಶೋಧನ ಸಂಸ್ಥೆ ಬದುಕಿರುವಾಗ ಸಿಗಲಿಲ್ಲ.

ಆದರೆ ಶಿಷ್ಯರಿದ್ದರು. ನಿಜ್ನಿ ನವ್ಗರೊದ್, ಪೊಲ್ಟಾವಾಗಳಲ್ಲಿ ಗುಂಡಿಗಿಳಿದ ವೆರ್ನಾಡ್‌ಸ್ಕಿ 1926ರಲ್ಲಿ 'ಜೀವಗೋಳ' ಎಂಬ ಗ್ರಂಥ ಬರೆದರು. ಜೀವವೂ ಕಲ್ಲೂ ಒಂದನ್ನೊಂದು ರೂಪಿಸುತ್ತವೆ ಎಂಬ ಮಾತಿನ ಬೀಜ ಗುರುವಿನ ಮಣ್ಣಿನಲ್ಲಿತ್ತು. ಮೊರೊಜೊವ್ ಅರಣ್ಯ ವಿಜ್ಞಾನವನ್ನು ಕಟ್ಟಿದರು. ಗ್ಲಿಂಕಾ ಜರ್ಮನ್ ಭಾಷೆಯಲ್ಲಿ ಬರೆದ ಪುಸ್ತಕವನ್ನು ಅಮೆರಿಕದ ಮಾರ್ಬಟ್ ಇಂಗ್ಲಿಷಿಗೆ ತಂದರು. 1927ರಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಮಣ್ಣು ವಿಜ್ಞಾನ ಸಮ್ಮೇಳನ ಸೇರಿದಾಗ ಚೆರ್ನೋಜೆಮ್, ಪೊಡ್‌ಜೊಲ್ ಎಂಬ ರಷ್ಯದ ರೈತರ ಮಾತುಗಳು ಎಲ್ಲ ದೇಶಗಳ ವಿಜ್ಞಾನಿಗಳ ಮಾತುಗಳಾಗಿದ್ದವು. ಹೊಸ ಹೆಸರು ಹುಟ್ಟಿಸುವ ಬದಲು ಉಳುವವನ ಬಾಯಿಂದ ಹೆಸರು ತೆಗೆದುಕೊಂಡರಲ್ಲ, ಅದನ್ನು ದೊಕುಚಾಯೆವ್ ಅವರ ಬಹು ದೊಡ್ಡ ಗುಣವೆಂದು ನಾನು ಗೌರವಿಸುತ್ತೇನೆ. ನಮ್ಮಲ್ಲೂ ಎರೆ, ಮಸಾರಿ, ಗರಸು, ಸವಳು, ಜವಳು ಇವೆ. ಸವಳು ಬೇರೆ, ಜವಳು ಬೇರೆ ಎಂದು ತುಂಗಭದ್ರಾ, ಕೃಷ್ಣಾ ಕಾಲುವೆಗಳ ಕೆಳಗಿನ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಮಾತುಗಳು ನಮ್ಮ ಪಾಠಗಳಲ್ಲಿ ಕಾಣುವುದಿಲ್ಲ ಎಂಬುದು ನನಗೆ ನೋವಿನ ವಿಷಯ.

ನಮ್ಮ ದೇಶಕ್ಕೆ ಈ ಪರಂಪರೆ ನೇರವಾಗಿಯೇ ತಲುಪಿತು. 1932ರಲ್ಲಿ ಶೊಕಾಲ್‌ಸ್ಕಯಾ ಎಂಬ ರಷ್ಯದ ವಿಜ್ಞಾನಿ ಹವೆ, ಸಸ್ಯವರ್ಗ, ಮೂಲವಸ್ತುಗಳ ಆಧಾರದಲ್ಲಿ ಭಾರತದ ಮಣ್ಣಿನ ನಕ್ಷೆಯನ್ನು ಪ್ರಕಟಿಸಿದರು. ಅದಕ್ಕೆ ಮೊದಲು ನಮ್ಮ ಮಣ್ಣುಗಳನ್ನು ಮೆಕ್ಕಲು, ಕಪ್ಪು, ಕೆಂಪು, ಜಂಬಿಟ್ಟಿಗೆ ಎಂದು ನಾಲ್ಕು ದೊಡ್ಡ ಗುಂಪು ಮಾಡಿದ್ದು ಬಿಟ್ಟರೆ ಹೆಚ್ಚು ಕೆಲಸ ಆಗಿರಲಿಲ್ಲ. 1943ರಲ್ಲಿ ವಿಶ್ವನಾಥ್ ಮತ್ತು ಉಕೀಲ್ ಇನ್ನೊಂದು ನಕ್ಷೆ ತಂದರು. 1976ರಲ್ಲಿ ನಾಗಪುರದಲ್ಲಿ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆ ಬಂತು, ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. 1982ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ದೆಹಲಿಯಲ್ಲೇ ನಡೆಯಿತು. ಈ ಎಲ್ಲ ಸಮೀಕ್ಷೆಗಳಲ್ಲೂ ಕೆಲಸ ಶುರುವಾಗುವುದು ಒಂದು ಗುಂಡಿಯಿಂದ, ಅದರ ಗೋಡೆಯ ಪದರಗಳಿಂದ.

ಕೊನೆಯದಾಗಿ, ಇಲ್ಲಿರುವ ರೈತರಿಗೂ ವಿದ್ಯಾರ್ಥಿಗಳಿಗೂ ಒಂದು ಕೋರಿಕೆ. 2015ರಿಂದ ನಮ್ಮಲ್ಲಿ ಮಣ್ಣು ಆರೋಗ್ಯ ಕಾರ್ಡ್ ಕೊಡುತ್ತಿದ್ದಾರೆ. ಅದು ಒಳ್ಳೆಯ ಕೆಲಸ, ಮಾಡಿಸಿಕೊಳ್ಳಿ. ಆದರೆ ಅದು ಹೇಳುವುದು ಮೇಲಿನ ಗೇಣಿನಷ್ಟು ಮಣ್ಣಿನ ಮಾತು. ಬೇರು ಎಲ್ಲಿ ನಿಂತಿದೆ, ಗಟ್ಟಿ ಪದರ ಎಷ್ಟು ಆಳದಲ್ಲಿದೆ, ಸುಣ್ಣದ ಹರಳು ಎಲ್ಲಿ ಶುರುವಾಗುತ್ತದೆ, ಹೋದ ತಿಂಗಳ ಮಳೆ ಎಲ್ಲಿಯವರೆಗೆ ಇಳಿದಿದೆ, ಇವನ್ನು ಚೀಲದಲ್ಲಿ ಕಟ್ಟಿ ಕಳಿಸಿದ ಅರ್ಧ ಕಿಲೋ ಮಣ್ಣು ಹೇಳಲಾರದು. ಬರುವ ಸುಗ್ಗಿ ಮುಗಿದ ಮೇಲೆ, ನಿಮ್ಮ ಹೊಲದ ಒಂದು ಮೂಲೆಯಲ್ಲಿ ಎದೆಯಾಳದ ಗುಂಡಿ ತೋಡಿ. ಬಿಸಿಲು ಬೀಳುವ ಕಡೆಯ ಗೋಡೆಯನ್ನು ಕುಡುಗೋಲಿನಿಂದ ಕೆತ್ತಿ ಹಸನು ಮಾಡಿ. ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿ, ಕೆಳಗಿಳಿದು ನೋಡಿ. ಕಂಡದ್ದನ್ನು ನಿಮ್ಮೂರಿನ ಮಾತಿನಲ್ಲೇ ಬರೆದು ಇಲ್ಲಿಯ ಮಣ್ಣು ವಿಭಾಗಕ್ಕೆ ಕಳಿಸಿ. ವಿಭಾಗದ ಮಿತ್ರರು ಅದನ್ನು ಓದಿ ಉತ್ತರ ಬರೆಯಬೇಕೆಂದು ಅವರಲ್ಲೂ ಬೇಡಿಕೊಳ್ಳುತ್ತೇನೆ.